ಆಸರಿಗೆ ಎಂತ ಬೇಕು? ದಿನದ ಕೆಲಸದ ನಡುವೆ ನೀರು ಕುಡಿಯುವ ಕ್ರಮ

ನನಗೆ ಕಿಡ್ನಿ ಕಲ್ಲಿನ ನೋವು ಶುರುವಾದದ್ದು ಮಂಗಳೂರು ಬಸ್ಸಿನಲ್ಲಿ. ಉಪ್ಪಳ ದಾಟಿತ್ತು, ಹೊಸಂಗಡಿ ಇನ್ನೂ ಬಂದಿರಲಿಲ್ಲ. ಬೆನ್ನಿನ ಎಡಬದಿಯಲ್ಲಿ ಹುಟ್ಟಿದ ನೋವು ಸೊಂಟ ಸುತ್ತಿ ಕೆಳಹೊಟ್ಟೆಗೆ ಇಳಿಯಿತು. ಕೂತರೂ ಆಗುವುದಿಲ್ಲ, ನಿಂತರೂ ಆಗುವುದಿಲ್ಲ. ಪಕ್ಕದ ಸೀಟಿನ ಅಕ್ಕ "ಎಂತಾಯ್ತು ಮಾರಾಯ್ತಿ, ಇಷ್ಟು ಬೆವರ್ತಾ ಇದ್ದೀಯಲ್ಲ" ಎಂದು ತಮ್ಮ ಬಾಟ್ಲಿ ಮುಂದೆ ಹಿಡಿದರು. ಆಗ ನೆನಪಾಯಿತು, ನನ್ನ ಚೀಲದಲ್ಲಿ ಬಾಟ್ಲಿಯೇ ಇರಲಿಲ್ಲ. ಯಾವತ್ತೂ ಇರುತ್ತಿರಲಿಲ್ಲ.

ಸ್ಕ್ಯಾನಿನಲ್ಲಿ 5 ಮಿಲಿಮೀಟರಿನ ಕಲ್ಲು ಕಂಡಿತು. ಇಷ್ಟು ಸಣ್ಣದು ಹೆಚ್ಚಾಗಿ ತಾನಾಗಿಯೇ ಹೋಗುತ್ತದೆ ಎಂದು ಡಾಕ್ಟ್ರು ಧೈರ್ಯ ಹೇಳಿದರು. ಆಮೇಲೆ ಕೇಳಿದರು, ದಿನಕ್ಕೆ ಎಷ್ಟು ಸಲ ಮೂತ್ರಕ್ಕೆ ಹೋಗ್ತೀರಿ? ನಾನು ಬೆರಳು ಮಡಚಿದೆ. ಬೆಳಿಗ್ಗೆ ಎದ್ದಾಗ, ಸಂಜೆ ಮನೆ ಮುಟ್ಟಿದಾಗ, ರಾತ್ರಿ ಮಲಗುವ ಮೊದಲು. ಮೂರೇ ಬೆರಳು.

ಹೇಳಿಕೊಳ್ಳಲು ನಾಚಿಕೆ. ನಮ್ಮ ಮನೆಯ ಹಿಂದಿನ ಗುಡ್ಡದಲ್ಲಿ ನೀರಿಗೆಂದು ಅಡ್ಡಲಾಗಿ ಕೊರೆದ ಅಜ್ಜನ ಕಾಲದ ಸುರಂಗ ಉಂಟು, ಏಪ್ರಿಲಿನಲ್ಲೂ ಅದರಿಂದ ಬೆರಳು ದಪ್ಪದ ನೀರು ಬರುತ್ತದೆ. ಕಾಸರಗೋಡು ಜಿಲ್ಲೆಯಲ್ಲಿ 12 ನದಿಗಳು, ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಇಷ್ಟು ನೀರಿನ ನಡುವೆ ನಾನೊಬ್ಬಳು ಒಣಗಿ ಕೂತಿದ್ದೆ. ಕಾರಣ ಇಷ್ಟೇ: ಬಸ್ಸಿನಲ್ಲಿ ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ, ಆಫೀಸಿನ ಶೌಚಾಲಯ ಒಂದು ಮಹಡಿ ಕೆಳಗೆ, ಅದರ ಚಿಲಕವೂ ಸರಿಯಿಲ್ಲ, ಹಾಗಾಗಿ ನೀರೇ ಕುಡಿಯದಿದ್ದರೆ ರಗಳೆಯೇ ಇಲ್ಲ ಎಂದು ವರ್ಷಗಟ್ಟಲೆ ನಡೆಸಿಕೊಂಡು ಬಂದಿದ್ದೆ.

ನಮ್ಮ ಕಡೆ ಮನೆಗೆ ಯಾರೇ ಬರಲಿ, ಮೊದಲ ಮಾತು "ಆಸರಿಗೆ ಎಂತ ಬೇಕು?" ಆಸರು ಎಂದರೆ ಬಾಯಾರಿಕೆ. ಅದು ಆಗಿದೆಯಾ ಎಂದು ಯಾರೂ ಕೇಳುವುದಿಲ್ಲ. ಬಿಸಿಲಲ್ಲಿ ಬಂದಿದ್ದಾರೆ ಅಂದಮೇಲೆ ಆಸರು ಇದ್ದೇ ಇರುತ್ತದೆ ಎಂದು ಲೆಕ್ಕ. ಎಂತ ಕೊಡುವುದು ಅನ್ನುವುದಷ್ಟೇ ಪ್ರಶ್ನೆ. ಬಂದವರಿಗೆ ಮಾಡುವ ಈ ಉಪಚಾರವನ್ನು ನನಗೆ ನಾನೇ ಮಾಡಿಕೊಳ್ಳಲು ಕಲಿತ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಬಸ್ಸಿನವರಿಗೆ, ತೋಟದವರಿಗೆ, ಮನೆಯಲ್ಲಿ ವಯಸ್ಸಾದವರು ಇರುವವರಿಗೆ ಉಪಯೋಗ ಆದೀತು.

ಮೊದಲ ಮೂರು ದಿನ ಸುಮ್ನೆ ನೋಡಿ

ತಕ್ಷಣ ದೊಡ್ಡ ಬಾಟ್ಲಿ ತಂದು ಗಟಗಟ ಕುಡಿಯಲು ಹೊರಡಬೇಡಿ. ಮೂರು ದಿನ ಮೂತ್ರದ ಬಣ್ಣ ನೋಡಿ, ಎಷ್ಟು ಸಲ ಹೋದಿರಿ ಎಂದು ಲೆಕ್ಕ ಇಡಿ. ಬೆಳಗಿನ ಮೊದಲ ಸಲದ್ದು ಎಲ್ಲರಿಗೂ ಗಾಢವಾಗಿಯೇ ಇರುತ್ತದೆ, ಅದನ್ನು ಬಿಡಿ. ಎರಡನೆಯ ಸಲದಿಂದ ಲೆಕ್ಕ.

ಒಣ ಬೈಹುಲ್ಲಿನ ತಿಳಿ ಹಳದಿ ಇದ್ದರೆ ಒಳ್ಳೆಯದು. ಕಡು ಹಳದಿ ಇದ್ದರೆ ನೀರು ಸಾಲದು. ಕಣ್ಣನ್ ಚಾಯದ, ಅಂದರೆ ಹಾಲು ಹಾಕದ ಚಾದ, ಬಣ್ಣಕ್ಕೆ ಬಂದರೆ, ನೀರು ಕುಡಿದ ಮೇಲೂ ಹಾಗೆಯೇ ಇದ್ದರೆ, ಡಾಕ್ಟರಿಗೆ ತೋರಿಸಿ. ಕಾಮಾಲೆಯಲ್ಲೂ ಇದೇ ಬಣ್ಣ ಬರುತ್ತದೆ. ಬಿ ಕಾಂಪ್ಲೆಕ್ಸ್ ಮಾತ್ರೆ ತಿನ್ನುವವರಿಗೆ ನೀರು ಎಷ್ಟು ಕುಡಿದರೂ ಹೊಳೆಯುವ ಹಳದಿ ಬರುತ್ತದೆ, ಅದಕ್ಕೆ ಹೆದರಬೇಕಾಗಿಲ್ಲ. ದಿನಕ್ಕೆ ಆರೇಳು ಸಲ ಹೋದರೆ ಸಾಧಾರಣ. ನನ್ನ ಹಾಗೆ ಮೂರು ಬೆರಳಿಗೆ ಮುಗಿದರೆ ಮುಂದಕ್ಕೆ ಓದಿ.

ಬೇರೆ ಗುರುತುಗಳೂ ಇವೆ. ಮಧ್ಯಾಹ್ನ ಮೂರರ ಹೊತ್ತಿಗೆ ತಲೆನೋವು, ಬಾಯಿ ಅಂಟುವುದು, ಮಲಬದ್ಧತೆ, ಸುಮ್ನೆ ಸಿಡುಕು. ದೇಹದ ತೂಕದ ನೂರಕ್ಕೆ ಎರಡು ಪಾಲು ನೀರು ಹೋದರೂ ಗಮನ ಕೊಟ್ಟು ಕೆಲಸ ಮಾಡುವುದು ಕಷ್ಟ ಆಗುತ್ತದೆ. 60 ಕಿಲೋದವರಿಗೆ ಅದು ಬರೀ 1.2 ಲೀಟರ್. ನಾನು ಇಷ್ಟು ವರ್ಷ ಆಫೀಸಿನ ಟ್ಯೂಬ್‌ಲೈಟಿಗೆ ಬೈಯುತ್ತಿದ್ದೆ.

ಎಷ್ಟು ಕುಡಿಯಬೇಕು?

ಎಂಟು ಲೋಟ ಎಂಬ ಮಾತು ಎಲ್ಲರಿಗೂ ಬಾಯಿಪಾಠ. 1945ರಲ್ಲಿ ಅಮೆರಿಕದ ಆಹಾರ ಮಂಡಳಿಯೊಂದು ದೊಡ್ಡವರಿಗೆ ದಿನಕ್ಕೆ ಎರಡೂವರೆ ಲೀಟರ್ ನೀರು ಬೇಕು ಎಂದು ಬರೆಯಿತು. ಅದರ ಮುಂದಿನ ಸಾಲಿನಲ್ಲೇ, ಇದರಲ್ಲಿ ಹೆಚ್ಚಿನ ಪಾಲು ಬೇಯಿಸಿದ ಆಹಾರದಲ್ಲೇ ಇರುತ್ತದೆ ಎಂದೂ ಬರೆದಿತ್ತು. ಜನರಿಗೆ ನೆನಪುಳಿದದ್ದು ಮೊದಲ ಸಾಲು ಮಾತ್ರ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2010ರಲ್ಲಿ ಕೊಟ್ಟ ಲೆಕ್ಕ ಹೆಂಗಸರಿಗೆ 2 ಲೀಟರ್, ಗಂಡಸರಿಗೆ 2.5 ಲೀಟರ್. ಅದೂ ಊಟದಲ್ಲಿರುವ ನೀರು ಸೇರಿಸಿ, ಹದವಾದ ಹವೆಯಲ್ಲಿ, ಹದವಾದ ಕೆಲಸ ಮಾಡುವವರಿಗೆ.

ನಮ್ಮ ಕುಂಬಳೆ ಮಾರ್ಚಿನಲ್ಲಿ ಹದವಾದ ಹವೆಯ ಊರಲ್ಲ. ನಮ್ಮಲ್ಲಿ ಉಷ್ಣಾಂಶಕ್ಕಿಂತ ಸೆಕೆ ಜಾಸ್ತಿ. ಗಾಳಿಯಲ್ಲಿ ಮೊದಲೇ ತೇವ ತುಂಬಿರುವುದರಿಂದ ಬೆವರು ಆರುವುದಿಲ್ಲ, ಮೈಮೇಲೆ ಇಳಿದು ಹೋಗುತ್ತದೆ. ಬೆವರು ಆರಿದರೆ ಮಾತ್ರ ಮೈ ತಣಿಯುವುದು. ಹಾಗಾಗಿ ಮೈ ಇನ್ನಷ್ಟು ಬೆವರುತ್ತದೆ, ನೀರು ಹೋಗುತ್ತದೆ, ತಂಪು ಮಾತ್ರ ಸಿಗುವುದಿಲ್ಲ. ಒಣ ಬಿಸಿಲಿನ ಊರಿನವರು 35 ಡಿಗ್ರಿಗೇ ಇಷ್ಟು ಕೊರಗುತ್ತೀರಾ ಎಂದು ನಗುತ್ತಾರೆ. ಒಂದು ವಾರ ಇಲ್ಲಿ ಬಂದು ಇರಲಿ!

ಅದಕ್ಕೇ ಲೀಟರ್ ಲೆಕ್ಕವನ್ನು ನಾನು ಗಟ್ಟಿಯಾಗಿ ಹಿಡಿಯುವುದಿಲ್ಲ. ಕುಳಿತು ಕೆಲಸ ಮಾಡುವವರು ಎರಡು ಲೀಟರಿನಿಂದ ಶುರು ಮಾಡಿ, ಮೂತ್ರದ ಬಣ್ಣ ನೋಡಿ ಹೆಚ್ಚು ಕಡಿಮೆ ಮಾಡಿಕೊಳ್ಳಿ. ಕಲ್ಲು ಬಂದವರ ಲೆಕ್ಕ ಮಾತ್ರ ಬೇರೆ. ಅವರಿಗೆ ಒಳಗೆ ಹೋದದ್ದಕ್ಕಿಂತ ಹೊರಗೆ ಬಂದದ್ದು ಮುಖ್ಯ: ದಿನಕ್ಕೆ ಎರಡೂವರೆ ಲೀಟರಿನಷ್ಟು ಮೂತ್ರ ಹೋಗಬೇಕು. ಅಳೆಯುವುದು ಹೇಗೆ? ಒಂದು ಭಾನುವಾರ ಹಳೆಯ ಅಳತೆ ಮಗ್ಗನ್ನು ಬಚ್ಚಲಲ್ಲಿ ಇಟ್ಟೆ, ಅದಕ್ಕೆಂದೇ ಒಂದು ಚೀಟಿ ಬಾಗಿಲಿಗೆ ಅಂಟಿಸಿದೆ. ಅತ್ತೆ ನೋಡಿ "ಹಾಲಿನ ಸೊಸೈಟಿ ಶುರು ಮಾಡಿದಿಯಾ?" ಎಂದರು. ಮೊದಲ ಭಾನುವಾರ ಬಂದದ್ದು 900 ಮಿಲಿ. ಬೈಗುಳಕ್ಕಿಂತ ಆ ಅಂಕೆ ಚೆನ್ನಾಗಿ ಕೆಲಸ ಮಾಡಿತು.

ಬಸ್ಸಿಗೆ ಹೊಂದಿಸಿಕೊಳ್ಳುವುದು

ಕುಡಿದ ನೀರು ಕೂಡಲೇ ಹೊರಗೆ ಬರುವುದಿಲ್ಲ. ನನಗೆ ಒಂದರಿಂದ ಒಂದೂವರೆ ಗಂಟೆ ಬೇಕು. ನಿಮ್ಮದು ಎಷ್ಟು ಎಂದು ಒಂದು ರಜೆಯ ದಿನ ಗಡಿಯಾರ ನೋಡಿ ತಿಳಿದುಕೊಳ್ಳಿ. ಅಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ನಾನು ಐದೂವರೆಗೆ ಎದ್ದು ಎರಡು ಲೋಟ ಕುಡಿಯುತ್ತೇನೆ. ಅದು ಬಸ್ಸಿಗೆ ಹೊರಡುವ ಮೊದಲೇ ಹೊರಗೆ ಹೋಗಿರುತ್ತದೆ. ತಿಂಡಿಯ ಜೊತೆ ಒಂದು ಲೋಟ ಮಾತ್ರ. ಬಸ್ಸಿನಲ್ಲಿ ಬಾಯಿ ಒಣಗಿದರೆ ಗುಟುಕು, ಅದಕ್ಕಿಂತ ಜಾಸ್ತಿ ಇಲ್ಲ. ಆಫೀಸು ಮುಟ್ಟಿ ಕುರ್ಚಿಯಲ್ಲಿ ಕೂರುವ ಮೊದಲು ಅರ್ಧ ಲೀಟರ್, ಹನ್ನೊಂದಕ್ಕೆ ಚಾ, ಊಟಕ್ಕೆ ಮಜ್ಜಿಗೆ, ಎರಡರಿಂದ ನಾಲ್ಕರ ಒಳಗೆ ಇನ್ನೊಂದು ಅರ್ಧ ಲೀಟರ್. ನಾಲ್ಕೂಕಾಲಿಗೆ ನಿಲ್ಲಿಸುತ್ತೇನೆ. ಐದೂವರೆಗೆ ಶೌಚಾಲಯಕ್ಕೆ ಹೋಗಿಯೇ ಹೊರಡುವುದು. ಮನೆ ಮುಟ್ಟಿದ ಕೂಡಲೇ ಆಸರಿಗೆ ಎಂತಾದರೂ, ಮಲಗುವ ಮೊದಲು ಒಂದು ಲೋಟ. ಎಲ್ಲ ಕೂಡಿಸಿದರೆ ಎರಡೂವರೆ ಲೀಟರ್ ಹತ್ತಿರ ಬರುತ್ತದೆ, ಊಟದಲ್ಲಿ ಇರುವುದು ಬೇರೆ.

ಮೊದಲ ವಾರ ಓಡಾಟ ಜಾಸ್ತಿ ಆಗುತ್ತದೆ, ಹೆದರಿ ಬಿಟ್ಟುಬಿಡಬೇಡಿ. ಎರಡು ವಾರದಲ್ಲಿ ಮೈ ಹೊಂದಿಕೊಳ್ಳುತ್ತದೆ. ಚಿಲಕದ ವಿಷಯವನ್ನು ಆಫೀಸಿನಲ್ಲಿ ಹೇಳಿ ಹೇಳಿ ಸಾಕಾಗಿ ಕೊನೆಗೆ ನಾವು ನಾಲ್ಕು ಜನ ಹೆಂಗಸರು ಹಣ ಹಾಕಿ ನಾವೇ ಹಾಕಿಸಿದೆವು. ನೂರ ಇಪ್ಪತ್ತು ರೂಪಾಯಿ. ಆ ನೂರ ಇಪ್ಪತ್ತು ರೂಪಾಯಿಗಾಗಿ ನಾನು ಕಲ್ಲು ಕಟ್ಟಿಸಿಕೊಂಡೆ ಅಲ್ವಾ ಎಂದು ಈಗಲೂ ಸಿಟ್ಟು ಬರುತ್ತದೆ.

ಇದು ನನ್ನೊಬ್ಬಳ ಕಥೆ ಅಲ್ಲ. ಬಟ್ಟೆ ಅಂಗಡಿಯ ಹುಡುಗಿಯರು, ಟೀಚರುಗಳು, ಬಸ್ ಕಂಡಕ್ಟರುಗಳು ಎಲ್ಲರೂ ಹೀಗೆಯೇ ಮಾಡುತ್ತಾರೆ. ಕೇರಳದ ಅಂಗಡಿಗಳಲ್ಲಿ ಕೆಲಸದ ಹೆಂಗಸರಿಗೆ ಕೂರಲು ಅವಕಾಶ ಕೊಡಬೇಕೆಂಬ ಕಾನೂನು ಬಂದದ್ದೇ 2018ರಲ್ಲಿ. ಅದೂ ಹೆಂಗಸರು ವರ್ಷಗಟ್ಟಲೆ ಹೋರಾಡಿದ ಮೇಲೆ. ಮೂತ್ರ ತಡೆದು ತಡೆದು ಉರಿಮೂತ್ರ ಬರುವವರಿಗೆ ಒಂದು ಮಾತು. 2018ರಲ್ಲೇ ಹೊರಬಂದ ಒಂದು ಅಧ್ಯಯನದಲ್ಲಿ, ಪದೇ ಪದೇ ಮೂತ್ರದ ಸೋಂಕು ಬರುತ್ತಿದ್ದ, ನೀರು ಕಡಿಮೆ ಕುಡಿಯುವ ಹೆಂಗಸರಿಗೆ ದಿನವೂ ಒಂದೂವರೆ ಲೀಟರ್ ನೀರು ಹೆಚ್ಚು ಕೊಟ್ಟು ನೋಡಿದರು. ವರ್ಷದಲ್ಲಿ ಸೋಂಕು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು.

ಶಾಲೆಯ ಮಕ್ಕಳಿಗೆ 2019ರಲ್ಲಿ ಕೇರಳದ ಶಾಲೆಗಳು ನೀರಿನ ಬೆಲ್ ಹೊಡೆಯಲು ಶುರು ಮಾಡಿದವು, ಅದೇ ವರ್ಷ ಕರ್ನಾಟಕಕ್ಕೂ ಹೋಯಿತು. ನಿಮ್ಮ ಮಗುವಿನ ಶಾಲೆಯಲ್ಲಿ ಬೆಲ್ ಹೊಡೆಯುತ್ತಾರಾ ಎಂದು ಕೇಳಿ. ಸಂಜೆ ಬಾಟ್ಲಿ ತುಂಬಿಯೇ ಮನೆಗೆ ಬಂದರೆ ಮಗುವಿಗೆ ಬೈಯುವ ಮೊದಲು ಶಾಲೆಯ ಶೌಚಾಲಯ ನೋಡಿ ಬನ್ನಿ.

ಬರೀ ನೀರೇ ಆಗಬೇಕೆಂದಿಲ್ಲ

ನೀರು ಸಪ್ಪೆ, ಕುಡಿಯಲು ಆಗುವುದಿಲ್ಲ ಎನ್ನುವವರು ನಮ್ಮ ಅಡುಗೆ ಮನೆಯನ್ನೊಮ್ಮೆ ನೆನಪಿಸಿಕೊಳ್ಳಿ. ಕುಚ್ಚಿಲಕ್ಕಿ ಗಂಜಿ ಎಂದರೆ ಎಂತ? ಅರ್ಧಕ್ಕಿಂತ ಜಾಸ್ತಿ ನೀರು, ಸ್ವಲ್ಪ ಅನ್ನ, ಮೇಲೆ ಉಪ್ಪು. ತೋಟದಿಂದ ಬೆವರಿ ಬಂದವರಿಗೆ ಇದಕ್ಕಿಂತ ಸರಿಯಾದದ್ದು ಸಿಗುವುದು ಕಷ್ಟ. ಬೆವರಿನಲ್ಲಿ ಹೋಗುವುದು ನೀರು ಮತ್ತು ಉಪ್ಪು, ಗಂಜಿಯಲ್ಲಿ ಬರುವುದೂ ಅದೇ, ಜೊತೆಗೆ ಹೊಟ್ಟೆಗೂ ಆಯಿತು. ಮಧ್ಯಾಹ್ನ ತಂಬುಳಿ, ಸಾರು, ಮಜ್ಜಿಗೆ. ಅಜ್ಜಿ ಲೋಟ ಹಿಡಿದು ನೀರು ಕುಡಿದದ್ದು ನಾನು ಕಂಡದ್ದು ಕಡಿಮೆ, ಅವರ ಊಟವೇ ನೀರಾಗಿತ್ತು. ಈಗ ಬೆಳಿಗ್ಗೆ ಬನ್ಸು, ಮಧ್ಯಾಹ್ನ ಪರೋಟ, ಸಂಜೆ ಚಿಪ್ಸು. ಒಣ ತಿನ್ನುತ್ತೇವೆ, ನೀರನ್ನು ಬೇರೆಯಾಗಿ ನೆನಪಿಟ್ಟು ಕುಡಿಯಬೇಕಾಗಿದೆ.

ಮಜ್ಜಿಗೆ ನೀರು: ಒಂದು ಭಾಗ ಮಜ್ಜಿಗೆಗೆ ಮೂರು ಭಾಗ ನೀರು, ಶುಂಠಿ, ಗಾಂಧಾರಿ ಮೆಣಸು ಒಂದು ಜಜ್ಜಿ, ಕರಿಬೇವು, ಉಪ್ಪು. ಬಿಪಿ ಇದ್ದವರು ಉಪ್ಪು ಬಿಟ್ಟೇ ಮಾಡಿ.

ಪುನರ್ಪುಳಿ (ಕೋಕಂ): ನಾಲ್ಕೈದು ಒಣಸಿಪ್ಪೆ ರಾತ್ರಿ ನೆನೆಹಾಕಿ, ಬೆಳಿಗ್ಗೆ ಕಿವುಚಿ ಬೆಲ್ಲ, ಜೀರಿಗೆ ಹಾಕಿ. ಪೇಟೆಯಲ್ಲಿ ಸಿಗುವ ಬಾಟ್ಲಿಯ ಸಿರಪ್ಪಿನಲ್ಲಿ ಸಕ್ಕರೆ ಜಾಸ್ತಿ, ಪುನರ್ಪುಳಿ ಕಡಿಮೆ. ನನ್ನ ಅಭಿಪ್ರಾಯದಲ್ಲಿ ಅದು ಮದುವೆ ಮನೆಗಷ್ಟೇ ಸಾಕು.

ಬೊಂಡ. ಘಟ್ಟದ ಮೇಲಿನವರು ಎಣ್ಣೆಯಲ್ಲಿ ಕರಿದದ್ದು ಎಂದುಕೊಳ್ಳಬೇಡಿ, ನಮ್ಮಲ್ಲಿ ಬೊಂಡ ಎಂದರೆ ಎಳನೀರು, ಸೀಯಾಳ. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವರು ಎಳನೀರಿಗೆಂದೇ ಚೌಘಾಟ್ ಆರೆಂಜ್ ಡ್ವಾರ್ಫ್ ಎಂಬ ಗಿಡ್ಡ ತಳಿಯನ್ನು ಶಿಫಾರಸು ಮಾಡುತ್ತಾರೆ, ಕೇಸರಿ ಬಣ್ಣದ ಕಾಯಿ, ನೀರು ಸಿಹಿ. ಬೊಂಡದಲ್ಲಿ ಪೊಟ್ಯಾಸಿಯಂ ತುಂಬ ಇದೆ, ಸೋಡಿಯಂ ಕಡಿಮೆ. ಸಾಧಾರಣ ಬಾಯಾರಿಕೆಗೆ ಚಂದ. ಇಡೀ ದಿನ ಬೆವರಿದವರಿಗೆ ಅದೊಂದೇ ಸಾಲದು, ಉಪ್ಪು ಬೇರೆ ಕಡೆಯಿಂದ ಬರಬೇಕು. ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಬೊಂಡ ಮುಟ್ಟಬೇಡಿ, ಅವರ ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯಕ್ಕೇ ಅಪಾಯ.

ಲಿಂಬೆ ನೀರು ಕಲ್ಲಿನವರಿಗೆ ಒಳ್ಳೆಯದು, ಅದರ ಸಿಟ್ರೇಟ್ ಹೊಸ ಕಲ್ಲು ಕಟ್ಟುವುದನ್ನು ತಡೆಯುತ್ತದೆ. ಹೋಟೆಲಿನಲ್ಲಿ ಕೊಡುವ ಗುಲಾಬಿ ಬಣ್ಣದ ಪತಿಮುಖಂ ನೀರು, ಜೀರಿಗೆ ನೀರು, ಲಾವಂಚ ಹಾಕಿದ ಮಡಕೆ ನೀರು, ಯಾವುದು ರುಚಿಸುತ್ತದೋ ಅದು. ಅವುಗಳ ಔಷಧಿ ಗುಣದ ಬಗ್ಗೆ ನೂರು ಮಾತು ಕೇಳಿಬರುತ್ತದೆ, ನನಗೆ ಅವು ಇಷ್ಟವಾಗುವುದು ಅವು ನೀರು ಕುಡಿಸುತ್ತವೆ ಎಂಬ ಕಾರಣಕ್ಕೆ. ಚಾ ಕಾಫಿ ನೀರನ್ನೆಲ್ಲ ಎಳೆದುಹಾಕುತ್ತದೆ ಎನ್ನುವುದು ಪೂರ್ತಿ ಸರಿಯಲ್ಲ. ದಿನಕ್ಕೆ ಮೂರ್ನಾಲ್ಕು ಕಪ್ ಕುಡಿಯುವವರಿಗೆ ಅದೂ ಲೆಕ್ಕಕ್ಕೆ ಬರುತ್ತದೆ. ಕಳ್ಳು, ಸಾರಾಯಿ, ಬಿಯರು ಮಾತ್ರ ಲೆಕ್ಕಕ್ಕಿಲ್ಲ. ಮದ್ಯ ಮೂತ್ರ ತಡೆಯುವ ಹಾರ್ಮೋನನ್ನೇ ಅಡಗಿಸುತ್ತದೆ, ಹಾಗಾಗಿ ಮೂತ್ರ ಜಾಸ್ತಿ ಹೋಗುತ್ತದೆ. ಕುಲುಕ್ಕಿ ಸರ್ಬತ್ತಿನಲ್ಲಿ ಇರುವ ಸಕ್ಕರೆ ನೋಡಿದರೆ ಅದು ಸಿಹಿತಿಂಡಿ, ಅಪರೂಪಕ್ಕೆ ಇರಲಿ.

ತೋಟದಲ್ಲಿ, ಬಿಸಿಲಲ್ಲಿ ದುಡಿಯುವವರಿಗೆ

ನಮ್ಮಲ್ಲಿ ಅಡಿಕೆ ಕೊಯ್ಯಲು ಬರುವ ಅಣ್ಣ ಒಬ್ಬರು ಇದ್ದಾರೆ. ಮರದಿಂದ ಮರಕ್ಕೆ ಹಾರುವವರು, ಹನ್ನೊಂದು ಗಂಟೆಯವರೆಗೆ ನೀರು ಮುಟ್ಟುವುದಿಲ್ಲ. "ಹೊಟ್ಟೆ ಭಾರ ಆದ್ರೆ ಮರ ಹತ್ಲಿಕ್ಕೆ ಆಗುದಿಲ್ಲ ಅಕ್ಕ" ಎನ್ನುತ್ತಾರೆ. ಒಂದು ದಿನ ತಮಾಷೆಗೆ ಅಡಿಕೆ ತೂಗುವ ತೂಕದ ಮೇಲೆ ಅವರನ್ನು ಬೆಳಿಗ್ಗೆ ನಿಲ್ಲಿಸಿದೆವು, ಹನ್ನೊಂದಕ್ಕೆ ಬಟ್ಟೆಯ ಬೆವರು ಹಿಂಡಿಸಿ ಮತ್ತೆ ನಿಲ್ಲಿಸಿದೆವು. ಒಂದೂವರೆ ಕಿಲೋ ಕಡಿಮೆ! ಒಂದು ಕಿಲೋ ಕಡಿಮೆಯಾದರೆ ಸುಮಾರು ಒಂದು ಲೀಟರ್ ನೀರು ಹೋಗಿದೆ ಎಂದು ಅರ್ಥ. ಅಡಿಕೆಯಲ್ಲಿ ಇಷ್ಟು ತೂಕ ಕಡಿಮೆ ಬಂದಿದ್ದರೆ ಮನೆಯಲ್ಲಿ ಜಗಳವೇ ಆಗುತ್ತಿತ್ತು, ಮನುಷ್ಯನದ್ದಾದ್ದರಿಂದ ಎಲ್ಲರೂ ನಕ್ಕರು.

ಹೆಚ್ಚು ಬೆವರುವ ಕೆಲಸದಲ್ಲಿ 15ರಿಂದ 20 ನಿಮಿಷಕ್ಕೊಮ್ಮೆ ಒಂದು ಲೋಟ, ಅಂದರೆ 200ರಿಂದ 250 ಮಿಲಿ. ಸ್ವಲ್ಪ ಸ್ವಲ್ಪ ಕುಡಿದರೆ ಹೊಟ್ಟೆ ಭಾರ ಆಗುವುದಿಲ್ಲ. ಅಣ್ಣನಿಗೆ ಈಗ ಪ್ರತಿ ಸಾಲು ಮುಗಿದಾಗ ಕೆಳಗಿನಿಂದ ತಂಬಿಗೆ ಕೊಡುತ್ತೇವೆ. ಗಂಟೆಗೆ 1.4 ಲೀಟರಿಗಿಂತ ಜಾಸ್ತಿ ಮಾತ್ರ ಯಾರೂ ಕುಡಿಯಬಾರದು. ಕಿಡ್ನಿಗೆ ಗಂಟೆಗೆ ಒಂದು ಲೀಟರಿನಷ್ಟು ಮಾತ್ರ ಹೊರಗೆ ಹಾಕಲು ಆಗುವುದು. ಅದಕ್ಕೆ ಮೀರಿ ಬರೀ ನೀರು ಸುರಿದರೆ ರಕ್ತದಲ್ಲಿ ಸೋಡಿಯಂ ತೆಳ್ಳಗಾಗಿ ವಾಂತಿ, ತಲೆನೋವು, ಗೊಂದಲ, ಜೋರಾದರೆ ಸೆಳೆತ ಬರುತ್ತದೆ. ಹತ್ತು ಗಂಟೆಗೆ ಉಪ್ಪು ಹಾಕಿದ ಗಂಜಿ ಕುಡಿಯುವ ಹಳೆಯ ಕ್ರಮ ಇದಕ್ಕೂ ಮದ್ದು.

ಕೇರಳದಲ್ಲಿ ಬೇಸಗೆ ಬಂದರೆ ಕಾರ್ಮಿಕ ಇಲಾಖೆ ಹೊರಗೆ ದುಡಿಯುವವರಿಗೆ ಮಧ್ಯಾಹ್ನ 12ರಿಂದ 3ರವರೆಗೆ ಬಿಡುವು ಕಡ್ಡಾಯ ಮಾಡುತ್ತದೆ. ಗಲ್ಫಿನಲ್ಲಿ ಇರುವ ನಮ್ಮೂರಿನವರಿಗೆ ಇದು ಹೊಸತಲ್ಲ, ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ. ಸ್ವಂತ ತೋಟದಲ್ಲಿ ನಿಯಮ ಹೇಳುವವರು ಯಾರೂ ಇಲ್ಲ, ಅದೇ ಕಷ್ಟ.

ಯಾರಿಗಾದರೂ ತಲೆಸುತ್ತು, ಕಾಲು ಹಿಡಿದುಕೊಳ್ಳುವುದು, ವಾಕರಿಕೆ ಬಂದರೆ ನೆರಳಿಗೆ ಕರೆತಂದು ಮಲಗಿಸಿ, ಉಪ್ಪು ಸಕ್ಕರೆ ಹಾಕಿದ ನೀರು ಗುಟುಕು ಗುಟುಕಾಗಿ ಕೊಡಿ. ಮೈ ಸುಡುತ್ತಾ ಇದೆ, ಮಾತು ತಪ್ಪುತ್ತಿದೆ, ಕರೆದರೆ ಸರಿಯಾಗಿ ಉತ್ತರ ಇಲ್ಲ ಎಂದಾದರೆ ಅದು ಬಿಸಿಲಾಘಾತ. 108ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರುವವರೆಗೆ ಕಾಯದೆ ಮೈಗೆ ನೀರು ಹೊಯ್ಯಿರಿ, ಗಾಳಿ ಬೀಸಿ, ಕುತ್ತಿಗೆ, ಕಂಕುಳಿಗೆ ತಣ್ಣಗಿನ ಬಟ್ಟೆ ಇಡಿ. ಸರಿಯಾಗಿ ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಲೇಬೇಡಿ. ಅದು ಶ್ವಾಸಕೋಶಕ್ಕೆ ಹೋಗುತ್ತದೆ.

ವಾಂತಿ ಭೇದಿ ಆದಾಗ

ಇಲ್ಲಿ ಬರೀ ನೀರು ಸಾಲದು, ಓಆರ್‌ಎಸ್ (ನೀರಲ್ಲಿ ಕಲಸುವ ಉಪ್ಪು, ಗ್ಲೂಕೋಸಿನ ಪುಡಿ) ಬೇಕು. ಒಂದು ಲೀಟರಿನ ಪ್ಯಾಕೆಟ್ಟನ್ನು ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಿ. ಅರ್ಧ ಪ್ಯಾಕೆಟ್ ಲೋಟಕ್ಕೆ, ಉಳಿದರ್ಧ ನಾಳೆಗೆ ಎಂಬ ಲೆಕ್ಕ ಬೇಡ. ಕಲಸಿದ್ದನ್ನು 24 ಗಂಟೆಯೊಳಗೆ ಮುಗಿಸಿ, ಉಳಿದರೆ ಚೆಲ್ಲಿ. ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಮಟ್ಟ ಮಾಡಿದ ಆರು ಟೀ ಚಮಚ ಸಕ್ಕರೆ, ಮಟ್ಟ ಮಾಡಿದ ಅರ್ಧ ಟೀ ಚಮಚ ಉಪ್ಪು. ಉಪ್ಪು ಜಾಸ್ತಿಯಾದರೆ ಮಗುವಿಗೆ ಅಪಾಯ, ಕಣ್ಣಳತೆ ಬೇಡ.

ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿ ಆದಮೇಲೆ 50ರಿಂದ 100 ಮಿಲಿ, ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200. ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು ಚಮಚದಲ್ಲಿ ಮತ್ತೆ ಶುರು ಮಾಡಿ. ಎದೆಹಾಲು ನಿಲ್ಲಿಸಬೇಡಿ. ಆರೇಳು ಗಂಟೆ ಮೂತ್ರ ಹೋಗಿಲ್ಲ, ಕಣ್ಣು ಗುಳಿ ಬಿದ್ದಿದೆ, ಮಗು ಎದ್ದೇಳುತ್ತಿಲ್ಲ ಎಂದಾದರೆ ಮನೆಮದ್ದಿನ ಹೊತ್ತು ಮುಗಿಯಿತು, ಆಸ್ಪತ್ರೆಗೆ ಹೊರಡಿ.

1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿ, ಸಲೈನ್ ಬಾಟ್ಲಿಗಳು ಮುಗಿದುಹೋದಾಗ ಡಾ. ದಿಲೀಪ್ ಮಹಲನಬಿಸ್ ಡ್ರಮ್ಮಿನಲ್ಲಿ ಉಪ್ಪು ಗ್ಲೂಕೋಸ್ ಕಲಸಿ ಮನೆಯವರ ಕೈಯಲ್ಲೇ ರೋಗಿಗಳಿಗೆ ಕುಡಿಸಿದರು. ನೂರಕ್ಕೆ ಮೂವತ್ತರ ಹತ್ತಿರ ಇದ್ದ ಸಾವು ನಾಲ್ಕಕ್ಕಿಂತ ಕೆಳಗೆ ಇಳಿಯಿತು. ಅಂಥ ಓಆರ್‌ಎಸ್‌ನ ಹೆಸರನ್ನು ಸಕ್ಕರೆ ಜ್ಯೂಸಿನ ಪೊಟ್ಟಣದ ಮೇಲೆ ಅಚ್ಚು ಹಾಕಿ ಮಾರುತ್ತಿದ್ದರು. 2025ರ ಅಕ್ಟೋಬರಿನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಅದನ್ನು ನಿಲ್ಲಿಸಲು ಆದೇಶ ಕೊಟ್ಟಿತು. ಆದರೂ ಮೆಡಿಕಲಿನಲ್ಲಿ ಕೇಳುವಾಗ "ಡಬ್ಲ್ಯೂಎಚ್‌ಒ ಸೂತ್ರದ ಓಆರ್‌ಎಸ್" ಎಂದು ಕೇಳಿ, ಪ್ಯಾಕೆಟ್ ತಿರುಗಿಸಿ ಓದಿ.

ಮನೆಯ ಹಿರಿಯರು, ಬಾಣಂತಿ, ಕೂಸು

ವಯಸ್ಸಾದಂತೆ ಬಾಯಾರಿಕೆಯೇ ಮಂದ ಆಗುತ್ತದೆ. ಅತ್ತೆಯನ್ನು "ನೀರು ಬೇಕಾ?" ಎಂದು ಕೇಳಿದರೆ ಯಾವತ್ತೂ "ಬೇಡ". ಕೇಳುವುದು ಬಿಟ್ಟು ಲೋಟ ಕೈಗೆ ಕೊಡುತ್ತೇನೆ, ಜೊತೆಗೆ ಒಂದು ತುಂಡು ಬೆಲ್ಲ. ರಾತ್ರಿ ಏಳಬೇಕಾಗುತ್ತದೆಂಬ ಹೆದರಿಕೆ ಅವರಿಗೆ. ಸಂಜೆ ಆರರೊಳಗೆ ಅವರ ಪಾಲು ಮುಗಿಯುವ ಹಾಗೆ ನೋಡಿಕೊಂಡರೆ ಆಯಿತು. ಇದ್ದಕ್ಕಿದ್ದಂತೆ ಹಿರಿಯರ ಮಾತು ಕಲಸುಮೇಲೋಗರ ಆದರೆ ಮರೆವು ಎಂದು ಬಿಡಬೇಡಿ, ನೀರು ಅಥವಾ ಉಪ್ಪಿನ ಅಂಶ ಏರುಪೇರಾದರೂ ಹಾಗಾಗುತ್ತದೆ, ಡಾಕ್ಟರಿಗೆ ತೋರಿಸಿ.

ಬಾಣಂತಿಗೆ ನೀರು ಕಡಿಮೆ ಕೊಡುವ ಪದ್ಧತಿ ಇನ್ನೂ ಕೆಲವು ಮನೆಗಳಲ್ಲಿ ಉಂಟು. ದಯವಿಟ್ಟು ಬಿಡಿ. ಹಾಲೂಡುವ ತಾಯಿಗೆ ಉಳಿದವರಿಗಿಂತ ದಿನಕ್ಕೆ ಸುಮಾರು 700 ಮಿಲಿ ಜಾಸ್ತಿ ಬೇಕು. ಬಿಸಿನೀರೇ ಕೊಡಿ, ಜೀರಿಗೆ ಹಾಕಿಯೇ ಕೊಡಿ, ಕೊಡಿ ಅಷ್ಟೇ. ಆರು ತಿಂಗಳೊಳಗಿನ ಕೂಸಿಗೆ ಎಷ್ಟೇ ಸೆಕೆ ಇದ್ದರೂ ಬೇರೆ ನೀರು ಬೇಡ, ಎದೆಹಾಲಿನಲ್ಲೇ ಅದರ ನೀರೂ ಇದೆ.

ಹೃದಯದ ತೊಂದರೆ, ಕಿಡ್ನಿ ತೊಂದರೆ ಇದ್ದು ಡಾಕ್ಟರು ನೀರಿನ ಅಳತೆ ಹಾಕಿಕೊಟ್ಟಿದ್ದರೆ ಈ ಲೇಖನದ ಯಾವ ಲೆಕ್ಕವೂ ನಿಮಗಲ್ಲ. ಎಷ್ಟು ಕುಡಿದರೂ ಬಾಯಾರಿಕೆ ಹೋಗದೆ, ರಾತ್ರಿ ಪದೇ ಪದೇ ಏಳುವವರು ಶುಗರ್ ಪರೀಕ್ಷೆ ಮಾಡಿಸಿ.

ನೀರು ಶುದ್ಧ ಇರಬೇಕಲ್ಲ

ಸುರಂಗದ ನೀರು ಶುದ್ಧ ಎಂದು ನಾವೆಲ್ಲ ಎದೆ ತಟ್ಟಿ ಹೇಳುವವರು. ಆದರೆ ಮುರಕಲ್ಲಿನ (ಕೆಂಪುಕಲ್ಲಿನ) ತೂತುಗಳಲ್ಲಿ ಮಳೆನೀರು ಬೇಗ ಇಳಿಯುತ್ತದೆ, ಅದರ ಜೊತೆ ಮೇಲಿನ ಕೊಟ್ಟಿಗೆಯದ್ದೂ ಶೌಚಗುಂಡಿಯದ್ದೂ ಇಳಿಯಬಹುದು. ಕುದಿಸಿಯೇ ಕುಡಿಯಿರಿ, ಚೆನ್ನಾಗಿ ಗುಳ್ಳೆ ಎದ್ದು ಒಂದು ನಿಮಿಷ ಕುದಿದರೆ ಸಾಕು. ಸಮಾರಂಭಗಳಲ್ಲಿ ಒಂದು ತಪ್ಪು ಪ್ರತಿ ಸಲ ಕಾಣುತ್ತೇನೆ, ಕುದಿಸಿದ ಬಿಸಿನೀರಿಗೆ ಹಸಿ ತಣ್ಣೀರು ಬೆರೆಸಿ ಉಗುರುಬೆಚ್ಚಗೆ ಮಾಡುವುದು. ಕುದಿಸಿದ್ದು ದಂಡ, ಕಾಮಾಲೆಗೆ ಅಷ್ಟೇ ಸಾಕು.

ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವವರು ಅಳತೆ ಹೀಗೆ ತೆಗೆಯಿರಿ. ಬಾವಿಯ ಅಗಲ ಮೀಟರಿನಲ್ಲಿ, ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 785ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. ಎರಡು ಮೀಟರ್ ಅಗಲ, ಮೂರು ಮೀಟರ್ ನೀರು ಇದ್ದರೆ 9420 ಲೀಟರ್. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಲೆಕ್ಕದಲ್ಲಿ 24 ಗ್ರಾಂ ಹತ್ತಿರ. ಪುಡಿಯನ್ನು ನೇರ ಬಾವಿಗೆ ಸುರಿಯಬೇಡಿ. ಬಾಲ್ದಿಯಲ್ಲಿ ಮೊದಲು ಗಟ್ಟಿಯಾಗಿ ಕಲಸಿ, ಆಮೇಲೆ ನೀರು ಸೇರಿಸಿ, ಹತ್ತು ನಿಮಿಷ ಬಿಟ್ಟು ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಇನ್ನೊಂದು ಬಾಲ್ದಿಗೆ ಬಗ್ಗಿಸಿ, ಅದನ್ನು ಹಗ್ಗದಲ್ಲಿ ಬಾವಿಗೆ ಇಳಿಸಿ ಮೇಲೆ ಕೆಳಗೆ ಎಳೆದಾಡಿ. ಒಂದು ಗಂಟೆ ಬಿಟ್ಟು ನೀರು ತೆಗೆಯಬಹುದು. ರಾತ್ರಿ ಹಾಕಿದರೆ ಬೆಳಿಗ್ಗೆ ವಾಸನೆಯೂ ಕಡಿಮೆ ಇರುತ್ತದೆ.

ಬಾಟ್ಲಿಯನ್ನು ದಿನಾ ತೊಳೆಯಿರಿ, ಮುಚ್ಚಳದ ರಬ್ಬರ್ ಬಳೆಯನ್ನು ವಾರಕ್ಕೊಮ್ಮೆ ಬಿಚ್ಚಿ ತಿಕ್ಕಿ. ನಾನು ಮೊದಲ ಸಲ ಬಿಚ್ಚಿ ನೋಡಿದಾಗ ಅದರ ಅಡಿಯಲ್ಲಿ ಮಳೆಗಾಲದ ಪಾಗಾರದ ಹಾಗೆ ಹಸಿರು ಪಾಚಿ ಕಟ್ಟಿತ್ತು.